ಜಾಡು ಹಿಡಿಯುವವರ ಜಾಗರೂಕತೆ



ನಮ್ಮ ಗಡಿಭಾಗದ ಕನ್ನಡ ಮನೆಗಳ ಎಷ್ಟೋ ತರುಣರು ಇಂದು ಪುಣೆ, ಬೆಂಗಳೂರುಗಳಲ್ಲಿ ಗಣಕಯಂತ್ರದ ಉದ್ಯೋಗ ಹಿಡಿದಿರುವರು. ಅಲ್ಲಿ ಮಾಡುವುದೇನೆಂದು ಹಿರಿಯರು ಕೇಳಿದರೆ ನಕ್ಕು ಸುಮ್ಮನಾಗುವರು. ಅದೇ ವೃತ್ತಿಯಲ್ಲಿ ಕೆಲಕಾಲ ಕಳೆದ ನಾವು ಅದರ ಒಂದು ಮೂಲೆಯನ್ನಾದರೂ ತಮ್ಮ ಮುಂದೆ ತೆರೆದಿಡಬೇಕೆಂದಿದ್ದೇವೆ.

ಕಬ್ಬಿನ ಗಾಡಿ ತೂಕದ ಕಾಟಾ ದಾಟಿದ ಬಳಿಕ ಬಿಲ್ಲು ಸಿದ್ಧವಾಗಬೇಕು, ಅಧಿಕಾರಿಯ ಒಪ್ಪಿಗೆ ದೊರೆಯಬೇಕು, ಹಣ ಬ್ಯಾಂಕಿಗೆ ಸೇರಬೇಕು. ಕಾಗದಪತ್ರಗಳ ಇಂಥ ಪಯಣವನ್ನು ಈಗ ತಂತ್ರಾಂಶವೇ ನಡೆಸಬಲ್ಲದು. ನಡುವೆ ತೊಡಕು ಬಂದರೆ ಜಾಡು ಹಿಡಿಯಲು ಟ್ರೇಸ್ ಎಂಬ ಉಪಕರಣವುಂಟು. ಅದನ್ನು ತೆರೆದೊಡನೆ ತಂತ್ರಾಂಶವು ತನ್ನ ಒಂದೊಂದು ಹೆಜ್ಜೆಯನ್ನೂ ವೇಳೆಸಹಿತ ಬರೆದಿಡುತ್ತದೆ. 1972ರಲ್ಲಿ ಜರ್ಮನಿಯಲ್ಲಿ ಸ್ಥಾಪಿತವಾದ ಸ್ಯಾಪ್ ಸಂಸ್ಥೆಯ ತಂತ್ರಾಂಶದಲ್ಲಿ ಇದನ್ನು ತೆರೆಯಲೂ ಮುಚ್ಚಲೂ ‘ಸ್ವೆಲ್ಸ್’ ಎಂಬ ಆಜ್ಞೆಯಿದೆ. ತೆರೆಯುವುದು ಸುಲಭ, ಮುಚ್ಚಲು ಮರೆಯುವುದು ಇನ್ನೂ ಸುಲಭ!

ಕೆಲವು ವರ್ಷಗಳ ಹಿಂದೆ ನಾವು ದುಡಿಯುತ್ತಿದ್ದ ಒಂದೆಡೆ ಹತ್ತಾರು ರೈತರ ಬಿಲ್ಲುಗಳು ಒಪ್ಪಿಗೆಗೆ ಹೋಗದೆ ನಡುದಾರಿಯಲ್ಲಿ ನಿಲ್ಲುತ್ತಿದ್ದವು. ನಾವು ಉತ್ಸಾಹದಿಂದ ಎಲ್ಲ ಕೆಲಸಗಳಿಗೂ ಟ್ರೇಸನ್ನು ತೆರೆದೆವು. ಏನಾಶ್ಚರ್ಯ! ಸಂಜೆಯವರೆಗೆ ಒಂದು ಬಿಲ್ಲೂ ನಿಲ್ಲಲಿಲ್ಲ. ದೋಷ ತೊಲಗಿತೆಂದು ಹಿಗ್ಗಿ, ಟ್ರೇಸನ್ನು ಮುಚ್ಚದೆಯೇ ಮನೆಗೆ ಬಂದೆವು. ಇರುಳೆಲ್ಲ ಆ ಬರಹ ಬೆಳೆದು ಡಿಸ್ಕು ತುಂಬಿ, ಬೆಳಗಾಗುವಷ್ಟರಲ್ಲಿ ಇಡಿಯ ವ್ಯವಸ್ಥೆಯೇ ಸ್ತಬ್ಧವಾಗಿತ್ತು. ಮೊದಲು ಹತ್ತಾರು ಜನರ ಹಣ ತಡೆದಿತ್ತು, ಈಗ ಎಲ್ಲರದೂ. ಸೊಸಾಯಿಟಿಯ ಸಾಲದ ಕಂತಿಗೆ ಅದೇ ಹಣವನ್ನು ನೆಚ್ಚಿದ್ದ ವೃದ್ಧರೊಬ್ಬರು ಬಾಗಿಲಲ್ಲಿ ನಿಂತು, ಯಂತ್ರಕ್ಕೆ ಏನಾಗಿದೆಯೆಂದು ವಿಚಾರಿಸಿದರು. ಯಂತ್ರಕ್ಕೆ ಏನೂ ಆಗಿರಲಿಲ್ಲ; ತಪ್ಪು ನಮ್ಮದಾಗಿತ್ತು.

ದೋಷವೇಕೆ ಅಡಗಿತು? ಬಿಲ್ಲು ದಫ್ತರದಲ್ಲಿ ದಾಖಲಾಗುವ ಮೊದಲೇ ಮುಂದಿನ ಹಂತವು ಅದನ್ನು ಓದಲು ಧಾವಿಸುತ್ತಿತ್ತು; ಕಾಣದಿದ್ದರೆ ಕೈಬಿಡುತ್ತಿತ್ತು. ಟ್ರೇಸಿನ ಬರವಣಿಗೆಯಿಂದ ಆ ಹಂತ ನಿಧಾನವಾಯಿತು. ಅಷ್ಟರಲ್ಲಿ ಬಿಲ್ಲು ದಾಖಲಾಗುತ್ತಿತ್ತು! ನೋಡಹೋದರೆ ಮರೆಯಾಗುವ ಇಂಥ ದೋಷವನ್ನು ಅಮೆರಿಕದ ಜಿಮ್ ಗ್ರೇ ಅವರು 1985ರ ತಮ್ಮ ಪ್ರಬಂಧದಲ್ಲಿ ‘ಹೈಸೆನ್‌ಬಗ್’ ಎಂದು ಕರೆದರು. ಭೌತವಿಜ್ಞಾನಿ ಹೈಸೆನ್‌ಬರ್ಗರ ಹೆಸರನ್ನು ನೆನಪಿಸುವ ಮಾತಿದು. ಕೃಷ್ಣೆಯ ದಡದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿಳಿನೀರಿನಲ್ಲಿ ಬಿದ್ದ ಕಾಸನ್ನು ಹುಡುಕಲಿಳಿದವನ ಕಾಲೇ ಕೆಸರನ್ನೆಬ್ಬಿಸುತ್ತದೆ.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ನಾಚಿಸಿತು. ಆ ಬರಹದಲ್ಲಿ ರೈತರ ಹೆಸರು, ಬ್ಯಾಂಕಿನ ಖಾತೆಯ ಸಂಖ್ಯೆ, ಸಾಲದ ಕಡಿತ ಎಲ್ಲವೂ ಬಯಲಾಗಿದ್ದವು. ನಾವೋ ಅದನ್ನು ನಾಲ್ವರು ಸಹೋದ್ಯೋಗಿಗಳಿಗೆ ಹಂಚಿದ್ದೆವು. ದೊಡ್ಡವರೂ ಇಲ್ಲಿ ಎಡವಿದ್ದಾರೆ. ಬಳಕೆದಾರರ ಗುಪ್ತಪದಗಳು ತನ್ನ ಒಳದಾಖಲೆಯಲ್ಲಿ ಮರೆಯಿಲ್ಲದೆ ಬರೆಯಲ್ಪಟ್ಟಿದ್ದವೆಂದು ಟ್ವಿಟರ್ ಸಂಸ್ಥೆಯೇ 2018ರ ಮೇ ತಿಂಗಳಲ್ಲಿ ಪ್ರಕಟಿಸಿತು.

ಮರುವಾರ ಟ್ರೇಸನ್ನು ಒಂದೇ ಬಗೆಯ ಬಿಲ್ಲಿಗೆ, ಒಂದೇ ಘಟನೆಗೆ ಸೀಮಿತಗೊಳಿಸಿ ಕಾಲು ಗಂಟೆ ಮಾತ್ರ ತೆರೆದೆವು. ಗಡಿಯಾರ ಹಿಡಿದು ಕುಳಿತು ನಾವೇ ಮುಚ್ಚಿದೆವು. ಈ ಸಲ ಎರಡು ಬಿಲ್ಲುಗಳು ನಿಂತವು. ವೇಳೆಗಳನ್ನು ಹೋಲಿಸಿದಾಗ ಓದುವಿಕೆ ಮೊದಲು, ದಾಖಲೆ ಆಮೇಲೆ ಎಂಬುದು ಸ್ಪಷ್ಟವಾಯಿತು. ದಾಖಲಾದ ಮೇಲೆಯೇ ಮುಂದಿನ ಹಂತಕ್ಕೆ ಕರೆ ಹೋಗುವಂತೆ ತಿದ್ದಿದೆವು. ಹಂಚಿದ ಪ್ರತಿಗಳನ್ನು ಒಬ್ಬೊಬ್ಬರ ಬಳಿಗೂ ಹೋಗಿ ಅಳಿಸಿಸಿದೆವು. ನಾಲ್ಕನೆಯವರು ರಜೆಯಲ್ಲಿದ್ದುದರಿಂದ ಅದಕ್ಕೆ ಮತ್ತೆ ಮೂರು ದಿನ ಕಾಯಬೇಕಾಯಿತು.