ಸ್ಲೇಟು ಒರೆಸುವ ಮುನ್ನ
(ಹಾಲ್ಕುರಿಕೆಯಲ್ಲಿ ಯುವಜನರ ಮುಂದೆ ಆಡಿದ ಮಾತು)

ಹಾಲ್ಕುರಿಕೆಯ ಬಂಧುಗಳೇ, ಕಂಪ್ಯೂಟರ್ ಓದಲು ಬೆಂಗಳೂರಿಗೆ ಹೊರಟಿರುವ ತಮ್ಮಂದಿರೇ, ತಂಗಿಯರೇ,

ಗಣಕದ ಒಳಗುಟ್ಟು ಕನ್ನಡದಲ್ಲಿ ಹೇಳಲು ಬಾರದು ಎನ್ನುವ ಮಹನೀಯರಿದ್ದಾರೆ. ಅವರ ಜೊತೆ ಜಗಳಕ್ಕೆ ಇವತ್ತು ಪುರುಸೊತ್ತಿಲ್ಲ. ಹೇಳಿಯೇ ಬಿಡುತ್ತೇನೆ.

ಒಂದು ದೊಡ್ಡ ಲೆಕ್ಕವನ್ನು ಹಲವು ಪ್ರೊಸೆಸರ್‌ಗಳು ಹಂಚಿಕೊಂಡು ಮಾಡುವುದೇ ಸಮಾಂತರ ಗಣನೆ. ನಮ್ಮ ಬೆಂಗಳೂರಿಗೆ ಇದು ಹೊಸದಲ್ಲ. 1986ರಲ್ಲೇ ಎನ್‌ಎಎಲ್ ವಿಜ್ಞಾನಿಗಳು ಗಾಳಿಯ ಹರಿವಿನ ಲೆಕ್ಕಕ್ಕೆಂದು ಫ್ಲೋಸಾಲ್ವರ್ ಕಟ್ಟಿದರು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಬಂತು. ಲೆಕ್ಕವೇನೋ ಹಂಚಿಕೊಂಡರು, ಉತ್ತರವನ್ನು ಒಂದೇ ಫೈಲಿಗೆ ಬರೆಯಬೇಕಲ್ಲ! ತೊಡಕು ಶುರುವಾಗುವುದೇ ಅಲ್ಲಿ.

ತೋಟದ ಮನೆ ಮುಂದೆ ಎಂಟು ಜನ ಕಾಯಿ ಸುಲಿಯುತ್ತಿದ್ದಾರೆ ಅನ್ನಿ. ಲೆಕ್ಕದ ಪುಸ್ತಕ ಒಂದೇ. ಪ್ರತಿಯೊಬ್ಬನೂ ಎದ್ದು ಹೋಗಿ ಬರೆದು ಬರುವುದಾದರೆ ಸರದಿಯಲ್ಲೇ ಹೊತ್ತು ಮುಳುಗುತ್ತದೆ. ಅದಕ್ಕೆ ಒಬ್ಬ ಗುಮಾಸ್ತ. ಸುಲಿಯುವವನು ಎಣಿಕೆಯನ್ನು ಪಕ್ಕದ ಸ್ಲೇಟಿನಲ್ಲಿ ಬರೆದು ಕೂಗುತ್ತಾನೆ. ಗುಮಾಸ್ತ ಪುಸ್ತಕದಲ್ಲಿ ಮುಂದಿನ ಖಾಲಿ ಸಾಲನ್ನು ಅವನ ಪಾಲಿಗೆ ಹಿಡಿದಿಟ್ಟು, ಒಂದು ಟೋಕನ್ ಎಸೆಯುತ್ತಾನೆ. ಅವನು ಮತ್ತೆ ಸುಲಿಯುತ್ತಾನೆ. ಗುಮಾಸ್ತ ಬಿಡುವಾದಾಗ ಸ್ಲೇಟು ನೋಡಿ ನಕಲು ಮಾಡುತ್ತಾನೆ.

1997ರ ಎಂಪಿಐ-2 ನಿಯಮಾವಳಿಯಲ್ಲಿ ಇದರ ಹೆಸರು 'ಫೈಲ್ ಐರೈಟ್ ಶೇರ್ಡ್'. 'ಐ' ಅಂದರೆ ಕರೆ ಕೂಡಲೇ ಹಿಂದಿರುಗುತ್ತದೆ ಎಂದು. ಖಾಲಿ ಸಾಲು ತೋರಿಸುವ ಬೆರಳು ಎಲ್ಲರಿಗೂ ಒಂದೇ. ಹಾಗಾಗಿ ಒಬ್ಬರ ಸಾಲಿನ ಮೇಲೆ ಇನ್ನೊಬ್ಬರು ಬರೆಯುವುದಿಲ್ಲ.

ಆದರೆ ಕೇಳಿ: ಹಿಂದಿರುಗಿತು ಎಂದರೆ ಬರೆದಾಯಿತು ಎಂದಲ್ಲ! ಟೋಕನ್ ತೋರಿಸಿ 'ವೇಟ್' ಎಂದು ಕೇಳಿ, ಆಯಿತು ಅನ್ನಿಸಿಕೊಳ್ಳುವವರೆಗೆ ಸ್ಲೇಟು ಒರೆಸಕೂಡದು. ನಾನೇ ಒರೆಸಿದ್ದೇನೆ. ಚಿಕ್ಕ ಪರೀಕ್ಷೆಗಳಲ್ಲಿ ಎಲ್ಲ ಸರಿಯಿತ್ತು, ಚಿಕ್ಕ ಸ್ಲೇಟು ಬೇಗ ನಕಲಾಗುತ್ತದಲ್ಲ. ರಾತ್ರಿಯಿಡೀ ಓಡಿದ ದೊಡ್ಡ ಲೆಕ್ಕವನ್ನು ಬೆಳಿಗ್ಗೆ ತೆರೆದರೆ, ನೂರನೇ ಹೆಜ್ಜೆಯ ಜಾಗದಲ್ಲಿ ಅರ್ಧ ನೂರೊಂದನೆಯದರ ಅಂಕಿ. ಯಂತ್ರ ಒಂದು ತಪ್ಪನ್ನೂ ತೋರಿಸಲಿಲ್ಲ. ಆ ಅಂಕಿಗಳನ್ನು ನಂಬಿ ವರದಿ ಬರೆಯಲು ಕೂತಿದ್ದೆ, ಸ್ವಾಮಿ! ಆಮೇಲೆ ಎರಡು ಸ್ಲೇಟು ಇಟ್ಟುಕೊಂಡೆ: ಒಂದು ನಕಲಾಗುವಾಗ ಇನ್ನೊಂದರಲ್ಲಿ ಬರೆಯುವುದು.

ಇನ್ನೊಂದು ಮಾತು. ಮೊದಲು ಕೂಗಿದವನಿಗೆ ಮೊದಲ ಸಾಲು. ಯಾರು ಮೊದಲು ಕೂಗುತ್ತಾರೋ ಯಾರೂ ಹೇಳಲಾರರು. ನಾಳೆ ಅದೇ ಲೆಕ್ಕ ಓಡಿಸಿದರೆ ಸಾಲುಗಳ ಕ್ರಮ ಬೇರೆ. ಆದ್ದರಿಂದ ಪ್ರತಿ ಸಾಲಿನಲ್ಲೂ ಬರೆದವರ ಸಂಖ್ಯೆ, ಹೆಜ್ಜೆಯ ಸಂಖ್ಯೆ ಇರಲಿ. ಕ್ರಮವೇ ಬೇಕೆಂದರೆ 'ರೈಟ್ ಆರ್ಡರ್ಡ್' ಇದೆ. ಆದರೆ ಅದಕ್ಕೆ ಎಂಟೂ ಜನ ಸೇರಬೇಕು.

'ವೇಟ್' ಮುಗಿದರೂ ಅಂಕಿಗಳು ಡಿಸ್ಕಿಗೆ ಇಳಿದಿವೆ ಎಂಬ ಖಾತ್ರಿಯಿಲ್ಲ, ಅದಕ್ಕೆ 'ಸಿಂಕ್' ಎಂಬ ಬೇರೆ ಕರೆ. ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಸೀಮೆಸುಣ್ಣ ಕೊಡಿ.