ಮರಳಿನ ಹೊಂಡದಿಂದ ವಿಶ್ವಪಟ್ಟಕ್ಕೆ

(ಅರಸೀಕೆರೆಯಲ್ಲಿ ಪಾಲಕರು ಹಾಗೂ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಗುದ್ದು, ಒದೆತ, ಕುಸ್ತಿಯ ಪಟ್ಟು ಎಲ್ಲವೂ ಬೆರೆತ ಒಂದು ಕಾಳಗ ಇಂದು ನಮ್ಮ ಹುಡುಗರ ಮೊಬೈಲುಗಳನ್ನು ತುಂಬಿದೆ. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂದು ಅದರ ಹೆಸರು. ಅದರಲ್ಲಿ ವಿಶ್ವಪಟ್ಟ ಗೆದ್ದ ಫ್ರಾನ್ಸಿಸ್ ಎನ್‌ಗಾನು ಅವರ ಗುದ್ದನ್ನು ಕಂಡವರು ಅನೇಕರು. ಆ ಗುದ್ದಿನ ಹಿಂದಿನ ಬದುಕನ್ನು ಅರಿತವರು ವಿರಳ.

ಎನ್‌ಗಾನು 1986ರಲ್ಲಿ ಆಫ್ರಿಕದ ಕ್ಯಾಮರೂನ್ ದೇಶದ ಬಾಟಿಯೆ ಎಂಬ ಊರಿನಲ್ಲಿ ಜನಿಸಿದರು. ತಂದೆ-ತಾಯಿ ಬೇರ್ಪಟ್ಟರು. ಬಡತನದಿಂದಾಗಿ ಎಳೆಯ ವಯಸ್ಸಿನಲ್ಲಿಯೇ ಅವರು ಮರಳಿನ ಹೊಂಡದಲ್ಲಿ ಸಲಿಕೆ ಹಿಡಿಯಬೇಕಾಯಿತು. ತಂದೆಗೆ ಬೀದಿ ಜಗಳಗಾರನೆಂಬ ಕುಖ್ಯಾತಿಯಿತ್ತು. ಮಗ ಆ ಹಾದಿಯನ್ನು ತುಳಿಯಲಿಲ್ಲ. ತನ್ನ ತೋಳ್ಬಲವನ್ನು ನಿಯಮಕ್ಕೊಳಪಟ್ಟ ಬಾಕ್ಸಿಂಗ್‌ಗೆ ಮೀಸಲಿಡಲು ನಿರ್ಧರಿಸಿದರು.

ಅದಕ್ಕಾಗಿ 2012ರಲ್ಲಿ ಊರು ತೊರೆದು, ಸಹರಾ ಮರುಭೂಮಿ ದಾಟಿ ಮೊರಾಕ್ಕೊ ಸೇರಿದರು. ಸ್ಪೇನ್‌ಗೆ ದಾಟುವ ಯತ್ನಗಳು ಪದೇ ಪದೇ ವಿಫಲವಾದವು. ಕೊನೆಗೊಮ್ಮೆ ತೆಪ್ಪದಲ್ಲಿ ದಾಟಿದಾಗ ಅವರಿಗೆ ದೊರೆತದ್ದು ಸೆರೆವಾಸ. ಬಡ ದೇಶಗಳ ಸಂಪತ್ತಿಗೆ ಸದಾ ತೆರೆದಿರುವ ಗಡಿಗಳು ಅಲ್ಲಿನ ಮನುಷ್ಯರಿಗೆ ಮಾತ್ರ ಮುಚ್ಚಿರುತ್ತವೆ! 2013ರಲ್ಲಿ ಪ್ಯಾರಿಸ್ ತಲುಪಿದಾಗ ಕಾರು ನಿಲ್ಲಿಸುವ ಕಟ್ಟಡವೇ ಅವರ ಮಲಗುವ ತಾಣವಾಯಿತು.

ಆಗ ಒಂದು ಬಾಗಿಲು ತೆರೆಯಿತು. ಅಲ್ಲಿನ ತರಬೇತುದಾರ ಫರ್ನಾಂಡ್ ಲೋಪೆಜ್ ಅವರಿಗೆ ಸಲಕರಣೆ ಕೊಟ್ಟರು, ವ್ಯಾಯಾಮಶಾಲೆಯಲ್ಲೇ ಮಲಗಲು ಜಾಗ ಕೊಟ್ಟರು, ಈ ಹೊಸ ಕ್ರೀಡೆಯ ದಾರಿ ತೋರಿದರು. 2015ರಲ್ಲಿ ಎನ್‌ಗಾನು ಅಮೆರಿಕದ ಯುಎಫ್‌ಸಿ ಕಣಕ್ಕಿಳಿದರು. 2018ರ ಜನವರಿಯಲ್ಲಿ ಪಟ್ಟಕ್ಕಾಗಿ ಸ್ಟೀಪೆ ಮಿಯೊಸಿಚ್ ಎದುರು ಐದು ಸುತ್ತು ಸೆಣಸಿ ಸೋತರು. ಅದೇ ಜುಲೈಯಲ್ಲಿ ಮತ್ತೊಂದು ಸೋಲು. ಇನ್ನು ಇವರ ಕಥೆ ಮುಗಿಯಿತೆಂದು ಹಲವರು ಭಾವಿಸಿದರು. 2021ರ ಮಾರ್ಚ್ 27ರಂದು ಅದೇ ಮಿಯೊಸಿಚ್‌ರನ್ನು ಎರಡನೇ ಸುತ್ತಿನಲ್ಲಿ ಕೆಡವಿ ಅವರು ಹೆವಿವೇಟ್ ಪಟ್ಟವೇರಿದರು.

ಪಟ್ಟದಲ್ಲಿದ್ದಾಗಲೂ ಅವರು ಬಾಯಿ ಮುಚ್ಚಿ ಕುಳಿತವರಲ್ಲ. ಸ್ಪರ್ಧಿಗಳಿಗೆ ಆರೋಗ್ಯ ವಿಮೆ ಬೇಕು, ಅವರ ಪರ ಮಾತಾಡುವವರೊಬ್ಬರು ಬೇಕು ಎಂದು ಕೇಳಿದರು. ಒಪ್ಪಂದ ಕುದುರದಿದ್ದಾಗ 2023ರ ಜನವರಿಯಲ್ಲಿ ಆ ಸಂಸ್ಥೆಯನ್ನೇ ತೊರೆದರು. ದುಡಿಯುವವನು ತನ್ನ ದುಡಿಮೆಯ ಬೆಲೆಯನ್ನು ತಲೆಯೆತ್ತಿ ಕೇಳಿದ ಆ ಕ್ಷಣ, ನಮ್ಮ ದೃಷ್ಟಿಯಲ್ಲಿ, ಪಟ್ಟ ಗೆದ್ದ ಕ್ಷಣಕ್ಕಿಂತ ಕಡಿಮೆಯದಲ್ಲ.

ಮಿತ್ರರೇ, ಕಷ್ಟವೇ ಅವರನ್ನು ಬೆಳೆಸಿತು ಎಂದು ಹೇಳಿ ಚಪ್ಪಾಳೆ ತಟ್ಟುವುದು ಸುಲಭ. ಆದರೆ ಅದೇ ಹೊಂಡದಲ್ಲಿ ಸಲಿಕೆ ಹಿಡಿದ ಉಳಿದ ಮಕ್ಕಳು ಏನಾದರು? ಅವರ ಹೆಸರನ್ನು ಲೋಕ ಕೇಳಲಿಲ್ಲ. ಒಬ್ಬ ಪಾರಾದನೆಂಬ ಕಾರಣಕ್ಕೆ ಹೊಂಡವನ್ನು ಪಾಠಶಾಲೆಯೆಂದು ಕರೆಯಲಾಗದು.

ತೆಂಗಿಗೂ ರೈಲು ಜಂಕ್ಷನ್ನಿಗೂ ಹೆಸರಾದ ಈ ಅರಸೀಕೆರೆಯಂಥ ಊರುಗಳಲ್ಲಿಯೂ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ, ಮಂಡಿಯಲ್ಲಿ ಮೂಟೆ ಹೊರುವ ಹುಡುಗರನ್ನು ನಾವು ಕಾಣುತ್ತೇವೆ. ‘ಕೈಕೆಲಸ ಕಲಿಯಲಿ ಬಿಡಿ’ ಎಂಬ ಮಾತನ್ನೂ ಕೇಳುತ್ತೇವೆ. 6ರಿಂದ 14 ವರ್ಷದ ಮಗುವಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು 2009ರ ಕಾಯಿದೆಯೇ ಹಕ್ಕಾಗಿಸಿದೆ. ಆ ಹಕ್ಕನ್ನು ಕೇಳಿ ಪಡೆಯುವ ಹೊಣೆ ಪಾಲಕರದು, ಬೆನ್ನಿಗೆ ನಿಲ್ಲುವ ಹೊಣೆ ಮೊಹಲ್ಲಾದ್ದು.

ಮಕ್ಕಳನ್ನು ಈ ಕಾಳಗಕ್ಕೆ ದೂಡಿರೆಂದು ನಾವು ಹೇಳುತ್ತಿಲ್ಲ. ತಲೆಗೆ ಬೀಳುವ ಹೊಡೆತದ ಬೆಲೆ ದೊಡ್ಡದು. 2024ರ ಮಾರ್ಚ್‌ನಲ್ಲಿ ರಿಯಾದ್‌ನ ಬಾಕ್ಸಿಂಗ್ ಕಣದಲ್ಲಿ ಎನ್‌ಗಾನು ಅವರೇ ಆಂಟನಿ ಜೋಶುವಾರ ಹೊಡೆತಕ್ಕೆ ಎರಡನೇ ಸುತ್ತಿನಲ್ಲಿ ನೆಲಕ್ಕುರುಳಿದರು. ಆದರೆ ಬೆವರಿಗೊಂದು ಮೈದಾನ, ಕಲಿಸಲೊಬ್ಬ ಗುರು, ಕಾಯಲೊಂದು ನಿಯಮ ಇವಿಷ್ಟು ಪ್ರತಿ ಹುಡುಗನಿಗೂ ಬೇಕು. ಎನ್‌ಗಾನು ಅದನ್ನು ಮರೆಯಲಿಲ್ಲ. ಹಣ ಬಂದಾಗ ಬಾಟಿಯೆಯ ಮಕ್ಕಳಿಗಾಗಿ ಅಲ್ಲಿಯೇ ವ್ಯಾಯಾಮಶಾಲೆ ತೆರೆದರು.

ಶಾಲೆ ಬಿಟ್ಟ ಹುಡುಗ ನಮ್ಮ ಬೀದಿಯಲ್ಲೇ ಇದ್ದಾನೆ. ಈ ವಾರ ಅವನ ಮನೆಗೆ ಹೋಗೋಣ. ಬಿಟ್ಟದ್ದೇಕೆಂದು ಕೇಳೋಣ. ಶುಲ್ಕವಾಗಿದ್ದರೆ ಭರಿಸೋಣ, ಪಾಠವಾಗಿದ್ದರೆ ಸಂಜೆ ಕಲಿಸೋಣ. ಅವನ ಪಾಲಿನ ಬಾಗಿಲು ಪ್ಯಾರಿಸ್‌ನಲ್ಲಿ ತೆರೆಯುವುದು ಬೇಡ; ಅರಸೀಕೆರೆಯಲ್ಲೇ ತೆರೆಯಲಿ.