ಉಪ್ಪಲ್‌ನ ಟೆರೇಸಿನಲ್ಲಿ ಅಮ್ಮನ ಕಾವಲಿ



ನನ್ನ ಕೈಯಲ್ಲಿರೋದು ದೋಸೆ ಕಾವಲಿ. ಎರಕದ ಕಬ್ಬಿಣದ್ದು, ಹತ್ತಿರ ಹತ್ತಿರ ಮೂರು ಕಿಲೋ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮ ಮೂವತ್ತು ವರ್ಷ ದೋಸೆ ಹೊಯ್ದದ್ದು ಇದರ ಮೇಲೆ. ಅಪ್ಪ ತೀರಿಕೊಂಡ ಮೇಲೆ ಆ ಮನೆಗೆ ಬೀಗ ಬಿತ್ತು. ಅಮ್ಮ ಶಿವಮೊಗ್ಗಕ್ಕೆ ಅಕ್ಕನ ಮನೆಗೆ ಹೋದಳು, ಕಾವಲಿ ನನ್ನ ಜೊತೆ ಹೈದರಾಬಾದಿಗೆ ಬಂತು. "ದೋಸೆ ಮಾಡ್ತಾ ಇರು" ಅಂದಿದ್ದಳು, ಅಷ್ಟೇ.

ನಾನು ಮಾಡಲಿಲ್ಲ. ಬೆಳಿಗ್ಗೆ ಉಪ್ಪಲ್‌ನಲ್ಲಿ ಮೆಟ್ರೋ ಹತ್ತಿ ರಾಯದುರ್ಗಕ್ಕೆ ಹೋದರೆ ವಾಪಸ್ ಬರೋದು ರಾತ್ರಿ. ಊಟ ಮೊಬೈಲಿನಲ್ಲೇ ಆರ್ಡರ್. ಒಮ್ಮೆ ಮಾತ್ರ ಹುಮ್ಮಸ್ಸು ಬಂದು ದೋಸೆ ಮಾಡಿ, ಕಾವಲಿಯನ್ನು ಸೋಪುನೀರಲ್ಲಿ ನೆನೆಹಾಕಿ ಮರೆತು, ವೀಕೆಂಡ್ ಟ್ರಿಪ್ಪಿಗೆ ಹೋದೆ. ಬಂದು ನೋಡಿದರೆ ಪೂರ್ತಿ ಕಿತ್ತಳೆ ಬಣ್ಣದ ತುಕ್ಕು. ಪೇಪರ್ ಸುತ್ತಿ ಸಿಂಕಿನ ಕೆಳಗೆ ತಳ್ಳಿಬಿಟ್ಟೆ.

ಮುಂದಿನ ತಿಂಗಳು ಅಮ್ಮ ಬಂದಳು. ಎರಡನೇ ದಿನವೇ ಸಿಕ್ಕಿಬಿತ್ತು. "ಎಂತ ಮಾರಾಯ ಇದು?" ಅಂದಳು. ಆಮೇಲೆ ಮಾತಿಲ್ಲ. ಬೈದಿದ್ದರೆ ವಾಸಿಯಿತ್ತು.

ಭಾನುವಾರ ಅವಳೇ ಕೆಲಸಕ್ಕೆ ಇಳಿಸಿದಳು. ಮೊದಲು ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ಬೂದುಬಣ್ಣ ಕಾಣೋವರೆಗೆ ತಿಕ್ಕೋದು. ಹುಳಿ ತುಕ್ಕನ್ನು ಬಿಡಿಸುತ್ತೆ. ತೊಳೆದು ಬೆಂಕಿಯ ಮೇಲಿಟ್ಟೇ ಒಣಗಿಸಬೇಕು, ಒಂದು ಹನಿ ನೀರು ಉಳಿದರೂ ಮತ್ತೆ ತುಕ್ಕು. ಆಮೇಲೆ ಎಣ್ಣೆ. ನಾನು ಧಾರಾಳವಾಗಿ ಸುರಿಯೋಕೆ ಹೋದೆ, ಅಮ್ಮ ಕೈ ತಡೆದಳು. ಹಚ್ಚಿ, ಬಟ್ಟೆಯಲ್ಲಿ ಒರೆಸಿ, ಎಣ್ಣೆ ಇದೆಯೋ ಇಲ್ಲವೋ ಅನ್ನೋ ಹಾಗಿರಬೇಕು. ಜೋರಾಗಿ ಕಾದಾಗ ಆ ತೆಳು ಪದರ ಗಾಳಿಯ ಆಮ್ಲಜನಕದ ಜೊತೆ ಸೇರಿ ಪಾಲಿಮರ್ ಆಗುತ್ತೆ, ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟುತ್ತೆ. ಪದರ ದಪ್ಪವಾದರೆ ಬರೀ ಜಿಗುಟು. ಇದನ್ನೇ ನಾವು ಪಳಗಿಸೋದು ಅನ್ನೋದು.

ಹೊಗೆ ಬರುತ್ತಲ್ಲ, ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಸಾಧ್ಯವಿಲ್ಲ. ಓನರ್ ಒಪ್ಪಿಗೆ ಪಡೆದು ಟೆರೇಸಿಗೆ ಹೋದೆವು. ಅಂಗಡಿಯಲ್ಲಿ "ಇದ್ದಿಲು" ಅಂದರೆ ಯಾರಿಗೂ ಗೊತ್ತಾಗಲಿಲ್ಲ, "ಬೊಗ್ಗುಲು" ಅಂದಮೇಲೆ ಸಿಕ್ಕಿತು. ಮೂರು ಇಟ್ಟಿಗೆಯ ಒಲೆ, ಪಕ್ಕದಲ್ಲಿ ಒಂದು ಬಕೆಟ್ ಮರಳು. ದಯವಿಟ್ಟು ಮುಚ್ಚಿದ ಬಾಲ್ಕನಿಯಲ್ಲಿ ಇದ್ದಿಲು ಉರಿಸಬೇಡಿ. ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವ ಹೋಗುತ್ತೆ.

ನಾಲ್ಕು ಸಲ ಎಣ್ಣೆ ಹಚ್ಚಿ ಕಾಯಿಸೋ ಹೊತ್ತಿಗೆ ಪಕ್ಕದ ಮನೆಯ ತೆಲುಗು ಆಂಟಿ ಮೇಲೆ ಬಂದರು. ಇಷ್ಟು ಕೆಂಡ ಯಾಕೆ ವೇಸ್ಟ್ ಅಂತ ದಪ್ಪ ತಳದ ಪಾತ್ರೆಯಲ್ಲಿ ಬಿರಿಯಾನಿ ಜೋಡಿಸಿ ತಂದರು. ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಮೇಲೂ ಕೆಂಡ ಹರಡಿದರು. ದಮ್! ಅಮೆರಿಕದಲ್ಲಿರೋ ನಮ್ಮವರು ಕ್ಯಾಂಪಿಂಗ್‌ಗೆ ಒಯ್ಯೋ ಡಚ್ ಅವನ್ ಕೆಲಸ ಮಾಡೋದೂ ಹೀಗೇ. ಅದು ಎರಕದ ಕಬ್ಬಿಣದ ಪಾತ್ರೆ. ಮೂರು ಕಾಲು, ಕೆಂಡ ಜಾರದ ಹಾಗೆ ಅಂಚು ಎತ್ತಿದ ಮುಚ್ಚಳ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯೋದಕ್ಕೆ 1707ರಲ್ಲಿ ಪೇಟೆಂಟ್ ಪಡೆದ. ಕೆಳಗೆ ಮಾತ್ರ ಬೆಂಕಿ ಇದ್ದರೆ ಅದು ಒಲೆ, ಮೇಲೂ ಇದ್ದರೆ ಅವನ್. ಬ್ರೆಡ್, ಕೇಕ್ ಬೇಯಿಸೋದಾದರೆ ಕೆಳಗಿಗಿಂತ ಮೇಲೇ ಹೆಚ್ಚು ಕೆಂಡ ಇಡ್ತಾರೆ, ತಳ ಸೀದುಹೋಗಬಾರದು ಅಂತ.

ಅಲ್ಯೂಮಿನಿಯಂಗೆ ಹೋಲಿಸಿದರೆ ಕಬ್ಬಿಣದಲ್ಲಿ ಶಾಖ ಬಹಳ ನಿಧಾನವಾಗಿ ಹರಡುತ್ತೆ. ಆದರೆ ಕಾವಲಿಗೆ ತೂಕ ಇದೆಯಲ್ಲ, ಒಮ್ಮೆ ಕಾದರೆ ತಣ್ಣನೆ ಹಿಟ್ಟು ಬಿದ್ದರೂ ಬಿಸಿ ಬಿಟ್ಟುಕೊಡೋದಿಲ್ಲ. ಅದಕ್ಕೇ ಗಡಿಬಿಡಿ ಮಾಡಬಾರದು.

ಅಮ್ಮ ಈರುಳ್ಳಿ ಹೋಳಿನಿಂದ ಎಣ್ಣೆ ಸವರಿ ದೋಸೆ ಹೊಯ್ದಳು. ಮೊದಲನೆಯದು ಅಂಟಿತು. ಎರಡನೆಯದು ಹರಿಯಿತು. ಮೂರನೆಯದು ತಾನಾಗೇ ಅಂಚು ಬಿಟ್ಟು ಎದ್ದಿತು. ನನ್ನ ತಟ್ಟೆಗೆ ಹಾಕುತ್ತಾ ಮೆಲ್ಲಗೆ ಹೇಳಿದಳು: "ತುಕ್ಕು ಹಿಡಿದಿದ್ದಕ್ಕೆ ಬೇಜಾರಿಲ್ಲ ಮಾರಾಯ. ನೀ ದೋಸೆನೇ ಮಾಡ್ಲಿಲ್ಲ ಅಲ್ದಾ."

ಈಗ ಪ್ರತಿ ಭಾನುವಾರ ಮಾಡ್ತೀನಿ, ವಿಡಿಯೋ ಕಾಲ್‌ನಲ್ಲಿ ಕಾವಲಿ ತೋರಿಸ್ತೀನಿ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದೀತು. ಕೆಳಗಿಳಿಸಿ. ಅದನ್ನು ಕೊಟ್ಟವರು ಬದುಕಿದ್ದರೆ, ಮೊದಲು ಅವರಿಗೊಂದು ಫೋನ್ ಮಾಡಿ.